ಕಾಕುನ ಒಂಬತ್ತು ಸಾವಿರ ಹರಳು

ಚೀಲದ ದಾರ ಬಿಚ್ಚಿದ ಕೂಡಲೇ ಲವಂಗದ ವಾಸನೆ ಬಂತು. ಅಂಗೈಗಿಂತ ತುಸು ದೊಡ್ಡದಾದ, ರವಿಕೆ ಖಣದ ಬಟ್ಟೆಯಲ್ಲಿ ಕೈಯಿಂದಲೇ ಹೊಲಿದ ಚೀಲ. ಒಳಗೆ ಒಂದು ಹಳೆಯ ಮೊಬೈಲು, ತಳದಲ್ಲಿ ಒಣಗಿ ಸಣ್ಣಗಾದ ನಾಲ್ಕು ಲವಂಗ. ಮೊಬೈಲಿನ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಕೆಂಪು ಟಿಕಲಿ ಅಂಟಿಕೊಂಡಿತ್ತು, ಹೆಂಗಸರು ಹಣೆಗೆ ಹಚ್ಚಿಕೊಳ್ಳುವಂಥದ್ದೇ. ಅದರ ಒಂದು ಅಂಚು ಎದ್ದಿತ್ತು. ನಾನು ಎಬ್ಬಿಸಿದ್ದ ಅದೇ ಟಿಕಲಿಯೋ, ಆಮೇಲೆ ಹಚ್ಚಿದ ಬೇರೆಯದೋ... ಗೊತ್ತಿಲ್ಲ.

ಮೊನ್ನೆ ಶಿಕ್ಷಕರ ತರಬೇತಿಗೆಂದು ಬೈಲಹೊಂಗಲಕ್ಕೆ ಹೋದಾಗ ಕಾಕಾ ಇದನ್ನು ಕೊಟ್ಟರು. ಅವರ ಹೆಂಡತಿ ಕಾಕು ತೀರಿಹೋದ ಮೇಲೆ ಅವರು ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಹೆಚ್ಚು ಮಾತಾಡುವ ಜೀವ ಅಲ್ಲ. "ಇದು ನಿನಗ ಕೊಡಂದಿದ್ಲು. ಬರತೀ ಬರತೀ ಅಂತ ಇಟ್ಕೊಂಡ ಕೂತಿದ್ದೆ" ಎಂದು ಕೈಗಿಟ್ಟು ಒಳಗೆ ಹೋದರು. ನಾನು ಕೆಲಸ ಮಾಡುವ ಯರಗಟ್ಟಿಗೆ ಬರುವವರೆಗೂ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಬಿಚ್ಚಲು ಧೈರ್ಯ ಬರಲಿಲ್ಲ. ಬಿಚ್ಚಿದ್ದು ಮರುದಿನ ಬೆಳಿಗ್ಗೆ, ಚಹಾ ಕುಡಿದು, ಬಾಗಿಲು ಹಾಕಿಕೊಂಡು.

ಪಿಯುಸಿ ಓದುವ ಎರಡು ವರ್ಷ ನಾನು ರಾಮದುರ್ಗದಲ್ಲಿ ಅವರ ವಾಡೆಯಲ್ಲಿ, ಆ ದೊಡ್ಡ ಹಳೆಯ ಮನೆಯ ಮುಂದಿನ ಕೋಣೆಯಲ್ಲಿ, ಬಾಡಿಗೆಗಿದ್ದೆ. ಬಂಧುಗಳಲ್ಲದಿದ್ದರೂ ಚಿಕ್ಕಪ್ಪ ಚಿಕ್ಕಮ್ಮ ಎನ್ನುವ ಹಾಗೆ ಕಾಕಾ, ಕಾಕು ಎಂದೇ ಕರೆಯುತ್ತಿದ್ದೆ. ನಮ್ಮೂರು ಮಲಪ್ರಭೆಯ ಆಚೆ ದಂಡೆ, ದಿನಕ್ಕೆ ಎರಡು ಬಸ್ಸು, ಅದರಲ್ಲೊಂದು ಬಂದರೆ ಬಂತು. ಒಕ್ಕಲುತನದ ಮನೆಯವರಾದ ನಮಗೂ ವೈದಿಕ ಮನೆತನದ ಅವರಿಗೂ ಅಡುಗೆಯಿಂದ ಹಿಡಿದು ಮಾತಿನವರೆಗೆ ಎಲ್ಲವೂ ಬೇರೆ. ಕಾಕಾ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾಗಿದ್ದವರು. ಊರಿನವರು ತಿಥಿ ಕೇಳಲು ಅವರ ಬಳಿ ಬರುತ್ತಿದ್ದರು. ಕಾಕು ಕಚ್ಚೆ ಸೀರೆ, ಎರಡೂ ಕಡೆ ಮೂಗುಬೊಟ್ಟು, ಬಾಯಲ್ಲಿ ಸದಾ ಒಂದು ಲವಂಗ. ಮಾತು ಕತ್ತರಿ. ಮೊದಲ ದಿನವೇ ನನ್ನ ಅಪ್ಪನ ಎದುರಿಗೆ, "ಹುಡುಗಿ ಶಾಣ್ಯಾ ಇದ್ದಂಗ ಕಾಣಸ್ತದ, ಆದ್ರ ಶಾಣ್ಯಾ ಅಂತ ತನಗೂ ಗೊತ್ತದ, ಅದs ತ್ರಾಸು" ಎಂದಿದ್ದರು. ಅಪ್ಪ ನಕ್ಕ. ನನ್ನ ಬುದ್ಧಿವಂತಿಕೆಯನ್ನೇ ದೋಷ ಮಾಡಿದರೆಂದು ನನಗೆ ಸಿಟ್ಟು ಬಂದಿತ್ತು.

ಅಂಥ ಕಾಕು ಮೊಬೈಲಿನಲ್ಲಿ ಗೊಂಬೆಗಳ ಆಟ ಆಡುತ್ತಾರೆಂದು ತಿಳಿದ ದಿನ ನನಗೆ ನಗು ತಡೆಯಲಾಗಲಿಲ್ಲ. ಬೇಸಿಗೆ ರಜೆಗೆ ಬಂದಿದ್ದ ಅವರ ಮೊಮ್ಮಗಳು ಹಾಕಿಕೊಟ್ಟು ಹೋಗಿದ್ದ ಆಟ ಅದು. ಮೊಮ್ಮಗಳು ಎಂಟು ದಿನಕ್ಕೆ ಮರೆತಳು, ಅಜ್ಜಿ ಹಿಡಿದವರು ಬಿಡಲಿಲ್ಲ. ನನ್ನ ಮೊಬೈಲಿನಲ್ಲೂ ಅದೇ ಆಟವಿತ್ತು. ಕಾಲೇಜಿನ ಹುಡುಗಿಯರೆಲ್ಲ ಆಡುತ್ತಿದ್ದೆವು. ಆದರೆ ನಾವು ಆಡುತ್ತಿದ್ದ ರೀತಿಗೂ ಕಾಕು ಆಡುತ್ತಿದ್ದ ರೀತಿಗೂ ಸಂಬಂಧವೇ ಇರಲಿಲ್ಲ.

ಗೊತ್ತಿಲ್ಲದವರಿಗೆ ಆಟ ಹೇಗೆಂದು ಹೇಳಬೇಕು. ದಿನಕ್ಕೊಮ್ಮೆ ತೆರೆದರೆ ಅರವತ್ತು ಹರಳು ಪುಕ್ಕಟೆ ಸಿಗುತ್ತವೆ. ಒಂದು ದಿನ ತಪ್ಪಿಸಿದರೆ ಆ ದಿನದ್ದು ಹೋಯಿತು. ನೂರು ಹರಳು ಕೊಟ್ಟರೆ ಒಂದು ಚೀಟಿ ಎತ್ತಬಹುದು. ಚೀಟಿಯಲ್ಲಿ ಬಹಳ ಸಲ ಬರುವುದು ತುಕ್ಕು ಹಿಡಿದ ಕತ್ತಿ, ಒಡೆದ ಗುರಾಣಿ. ಯಾವಾಗಲೋ ಒಮ್ಮೆ ಒಳ್ಳೆಯ ಗೊಂಬೆ. ಒಂದೊಂದು ಗೊಂಬೆಗೂ ಹದಿನೈದು ದಿನದ ಸರದಿ ಇರುತ್ತದೆ. ಆ ಸರದಿಯಲ್ಲಿ ತೊಂಬತ್ತು ಚೀಟಿ ಎತ್ತಿದರೆ, ಅಲ್ಲಿಯವರೆಗೆ ಬರದಿದ್ದರೂ, ತೊಂಬತ್ತನೆಯದಕ್ಕೆ ಆ ಗೊಂಬೆ ಖಾತ್ರಿ. ಎಂಬತ್ತೊಂಬತ್ತಕ್ಕೆ ನಿಂತಿರೋ, ಸರದಿ ಮುಗಿದ ಕೂಡಲೇ ಎಣಿಕೆ ಮತ್ತೆ ಸೊನ್ನೆ. ಹರಳು ಸಾಲದಿದ್ದರೆ ದುಡ್ಡು ಕೊಟ್ಟು ಕೊಳ್ಳಲು ಬಲಗಡೆ ಮೂಲೆಯಲ್ಲಿ ಮಿನುಗುವ ಒಂದು ಗುಂಡಿ. ಕಾಕು ಅದರ ಮೇಲೆ ಟಿಕಲಿ ಅಂಟಿಸಿಬಿಟ್ಟಿದ್ದರು. "ಕಣ್ಣಿಗೆ ಬಿದ್ರ ತಾನೆ ಕೈ ಹೋಗೂದು" ಎನ್ನುತ್ತಿದ್ದರು.

ನಾವು ಹುಡುಗಿಯರು ನೂರು ಹರಳು ಕೂಡುವುದೇ ತಡ, ಒತ್ತುತ್ತಿದ್ದೆವು. ಕತ್ತಿ ಬಂದರೆ ಹಲುಬುತ್ತಿದ್ದೆವು. ಕಾಕುಗೆ ಅದನ್ನು ನೋಡಲಾಗುತ್ತಿರಲಿಲ್ಲ. ತೊಂಬತ್ತು ಚೀಟಿಗೆ ಆಗುವಷ್ಟು ಕೈಯಲ್ಲಿ ಇಲ್ಲದೆ ಒಂದನ್ನೂ ಎತ್ತಬಾರದು ಎನ್ನುವುದು ಅವರ ಹಟ. ಎರಡನೆಯದು, ಚಂದ ಇದೆಯೆಂದು ಯಾವ ಗೊಂಬೆಗೂ ಕೈ ಚಾಚಬಾರದು, ತನ್ನ ದಂಡಿನಲ್ಲಿ ಏನು ಕೊರತೆಯೋ ಅದಕ್ಕೆ ಮಾತ್ರ. ಅವರ ದಂಡಿನಲ್ಲಿ ಬಡಿಯುವವರು ನಾಲ್ಕು ಜನ ಇದ್ದರು, ಗಾಯಕ್ಕೆ ಮದ್ದು ಹಾಕುವವರು ಒಬ್ಬರೂ ಇರಲಿಲ್ಲ. ಹಾಗಾಗಿ ಒಂಬತ್ತನೆಯ ಕೋಟೆ ದಾಟಲಾಗದೆ ತಿಂಗಳುಗಟ್ಟಲೆ ನಿಂತಿದ್ದರು. ಕಾರ್ತಿಕ ಮಾಸದ ಹೊತ್ತಿಗೆ ಒಬ್ಬಳು ವೈದ್ಯೆಯ ಸರದಿ ಬರುತ್ತದೆಂದು ಆಟದವರು ಆಷಾಢದಲ್ಲೇ ಸಾರಿದ್ದರು. ಬಿಳಿ ಉಡುಪು, ಕೈಯಲ್ಲಿ ಕಮಂಡಲದಂಥ ಪಾತ್ರೆ. ಕಾಕು ಅವಳನ್ನು "ವೈದ್ಯಗಿತ್ತಿ" ಎಂದು ಕರೆಯುತ್ತಿದ್ದರು, ನಾಳೆ ಮನೆಗೆ ಬರುವ ಸೊಸೆಯ ಬಗ್ಗೆ ಮಾತಾಡಿದಂತೆ.

ಆಷಾಢ ಏಕಾದಶಿಯಂದು ಚಾತುರ್ಮಾಸ್ಯ ಶುರುವಾಯಿತು. ಆ ಮನೆಯಲ್ಲಿ ನಾಲ್ಕು ತಿಂಗಳೂ ಒಂದೊಂದು ಪದಾರ್ಥ ಬಿಡುತ್ತಾರೆ. ಒಂದು ತಿಂಗಳು ಕಾಯಿಪಲ್ಲೆ, ಒಂದು ತಿಂಗಳು ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು. ಆ ವರ್ಷ ಕಾಕು ಇನ್ನೊಂದನ್ನೂ ಸೇರಿಸಿದರು. ದೇವರ ಮುಂದೆ ಕೂತು, ಕೈಯಲ್ಲಿ ನೀರು ಹಿಡಿದು, ಕಾರ್ತಿಕದ ಉತ್ಥಾನ ದ್ವಾದಶಿಯವರೆಗೆ ಒಂದು ಚೀಟಿಯನ್ನೂ ಎತ್ತುವುದಿಲ್ಲ ಎಂದು ಸಂಕಲ್ಪ ಮಾಡಿದರು. ಕಾಕಾ ಗಂಟಲು ಸರಿಪಡಿಸಿಕೊಂಡರು, ಅಷ್ಟೇ. ನಾನು ಬಾಗಿಲಲ್ಲಿ ನಿಂತು ಕಿಸಕ್ಕನೆ ನಕ್ಕಿದ್ದಕ್ಕೆ ಕಾಕು ತಿರುಗಿ ನೋಡಿದರು. "ಬದನಿಕಾಯಿ ಬಿಡೂದು ನನಗೇನ ದೊಡ್ಡದಲ್ಲವಾ. ಮನಸು ಎಲ್ಲಿ ಹರೀತದೋ ಅದನ್ನ ಬಿಟ್ರ ಅದು ಬಿಟ್ಟಂಗ." ಮೊಮ್ಮಗಳ ಆಟ ಹೀಗೆ ದೇವರ ಕೋಣೆಯವರೆಗೆ ಬಂತು.

ಕಾರ್ತಿಕಕ್ಕೆ ಸ್ವಲ್ಪ ಮೊದಲು ಕಾಕುನ ಬಲಗಣ್ಣಿಗೆ ಮೋತಿಬಿಂದುವಿನ, ಅಂದರೆ ಪೊರೆಯ, ಆಪರೇಶನ್ ನಿಗದಿಯಾಯಿತು. ಎಡಗಣ್ಣು ಸಣ್ಣಂದಿನಿಂದಲೇ ಮಸುಕು, ಅವರು ನೋಡುತ್ತಿದ್ದುದೆಲ್ಲ ಬಲಗಣ್ಣಿನಲ್ಲೇ. ಬೆಳಗಾವಿಯ ಆಸ್ಪತ್ರೆಯಲ್ಲಿ ಆಪರೇಶನ್, ಆಮೇಲೆ ಬೈಲಹೊಂಗಲದಲ್ಲಿ ಮಗಳ ಮನೆಯಲ್ಲಿ ವಿಶ್ರಾಂತಿ. ಮೊಬೈಲು ಮುಟ್ಟಕೂಡದೆಂದು ಡಾಕ್ಟರು ಮೊದಲೇ ಹೇಳಿದ್ದರು. ಹೊರಡುವ ದಿನ ಕಾಕು ಈ ಖಣದ ಚೀಲವನ್ನು ನನ್ನ ಕೈಗೆ ಕೊಟ್ಟರು. ಮಾತಾಡಲು ಅವರ ಬಳಿ ಬೇರೆ ಗುಂಡಿ ಫೋನಿತ್ತು.

"ಏಳು ಸಾವಿರದ ಎಂಟನೂರ ಅವ. ಇನ್ನ ಇಪ್ಪತ್ತ ದಿನ. ದಿನಾ ತಗದು ಅರವತ್ತ ಇಸ್ಕೋ, ಮುಚ್ಚು. ದ್ವಾದಶಿಗೆ ಸರಿಯಾಗಿ ಒಂಬತ್ತ ಸಾವಿರ ಆಗ್ತಾವ. ಬ್ಯಾರೆ ಯಾವುದಕ್ಕೂ ಕೈ ಹಚ್ಚಬ್ಯಾಡ."

"ನಾ ಯಾಕ ಹಚ್ಚಲ್ರೀ ಕಾಕು" ಎಂದೆ. ನೊಂದುಕೊಂಡವಳ ಹಾಗೆ ಎಂದೆ ಬೇರೆ!

ನಾಲ್ಕು ದಿನ ಹೇಳಿದಂತೆಯೇ ನಡೆದುಕೊಂಡೆ. ಐದನೆಯ ದಿನ ಭಾನುವಾರ. ಮಧ್ಯಾಹ್ನ, ಕಾಕಾ ಊಟ ಮಾಡಿ ಒರಗಿದ್ದರು. ಆಟದಲ್ಲಿ ಆಗ ಒಬ್ಬ ಬಿಲ್ಲುಗಾರನ ಸರದಿ ನಡೆದಿತ್ತು. ಉದ್ದ ಕೂದಲು, ಓರೆ ನಗೆ. ಕಾಲೇಜಿನಲ್ಲಿ ಅರ್ಧ ಹುಡುಗಿಯರ ಮೊಬೈಲಿನಲ್ಲಿ ಅವನದೇ ಚಿತ್ರ. ನನಗಾಗ ಹದಿನೇಳು, ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ನನ್ನ ಆಟದಲ್ಲಿ ಎಂದಿನಂತೆ ಹರಳಿನ ಬರ. ಕಾಕುನ ಆಟದಲ್ಲಿ ಎಂಟು ಸಾವಿರದ ನೂರು ಹೊಳೆಯುತ್ತಿದ್ದವು. ಸರದಿ ಅಂದು ಸಂಜೆಗೆ ಮುಗಿಯುವುದಿತ್ತು.

ಹತ್ತೇ ಚೀಟಿ ಅಂದುಕೊಂಡೆ. ಒಮ್ಮೆಲೆ ಹತ್ತು ಎತ್ತಲು ಸಾವಿರ ಹರಳು. ಬಂದರೆ ಕಾಕುಗೇ ಲಾಭ, ಅವರ ದಂಡಿಗೆ ಬಿಲ್ಲುಗಾರನೂ ಸಿಕ್ಕಂತಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ವ್ರತ ಹಿಡಿದವರು ಅವರು, ಒತ್ತುವ ಬೆರಳು ನನ್ನದು, ಅವರ ವ್ರತಕ್ಕೇನು ಆಗುತ್ತದೆ ಎಂದೂ ಹೇಳಿಕೊಂಡೆ. ಬುದ್ಧಿವಂತಳಲ್ಲವೆ ನಾನು! ಒತ್ತಿದೆ. ಎಂಟು ಕತ್ತಿ, ಎರಡು ಗುರಾಣಿ. ಹೋದ ಸಾವಿರವನ್ನು ಸಮರ್ಥಿಸಿಕೊಳ್ಳಲು ಇನ್ನೊಂದು ಸಾವಿರ, ಆ ಎರಡನ್ನು ಸಮರ್ಥಿಸಲು ಮೂರನೆಯದು. ಗಣಿತದಲ್ಲಿ ಮೊದಲ ನಂಬರಿನ ಹುಡುಗಿ, ನಲವತ್ತಾದವು, ಇನ್ನೇನು ಬಂದೇಬಿಡುತ್ತದೆ ಎಂದು ನಂಬಿ ಕೂತಿದ್ದೆ. ಐವತ್ತು. ಅರವತ್ತು. ಎಂಬತ್ತನೆಯ ಚೀಟಿಯೂ ಮುಗಿದಾಗ ನೂರು ಹರಳು ಉಳಿದಿದ್ದವು. ಖಾತ್ರಿಗೆ ಇನ್ನು ಹತ್ತೇ ಚೀಟಿ ಬೇಕಿತ್ತು.

ಆಗಲೇ ಟಿಕಲಿಯ ಅಂಚನ್ನು ಉಗುರಿನಿಂದ ಎಬ್ಬಿಸಿದ್ದು. ಕೆಳಗೆ ಆ ಗುಂಡಿ ಮಿನುಗುತ್ತಲೇ ಇತ್ತು. ಕೊಳ್ಳಲು ಕಾಕುನ ಮೊಬೈಲಿನಲ್ಲಿ ದುಡ್ಡಿನ ವ್ಯವಸ್ಥೆಯೇ ಇರಲಿಲ್ಲ, ಅದು ನನಗೆ ಗೊತ್ತಿತ್ತು, ಆದರೂ ಎಬ್ಬಿಸಿದೆ. ಒಳಗೆ ಕಾಕಾ ಕೆಮ್ಮಿದರು. ತಟ್ಟನೆ ಟಿಕಲಿಯನ್ನು ಒತ್ತಿ ಕೂರಿಸಿದೆ. ಆ ಅಂಚು ಮತ್ತೆ ಸರಿಯಾಗಿ ಅಂಟಲಿಲ್ಲ.

ಸಂಜೆ ಬೈಲಹೊಂಗಲದಿಂದ ಫೋನು. "ಎಷ್ಟ ಆದ್ವು?"

"ಎಂಟ ಸಾವಿರದ ನೂರು, ಕಾಕು." ನಾಲಿಗೆ ತಡವರಿಸಲೂ ಇಲ್ಲ.

ಮರುದಿನ ಎಂಟು ಸಾವಿರದ ನೂರಾ ಅರವತ್ತು ಎಂದೆ. ನಿಜಕ್ಕೂ ಇದ್ದದ್ದು ನೂರಾ ಅರವತ್ತು. ಮೊದಲಿನ ಎಂಟು ಸಾವಿರ ಒಂದೇ ಸುಳ್ಳು, ಉಳಿದದ್ದು ಖರೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಹೇಗಾದರೂ ದ್ವಾದಶಿಯೊಳಗೆ ಏನಾದರೂ ದಾರಿ ಸಿಗುತ್ತದೆ... ಯಾವ ದಾರಿಯೋ ನನಗೂ ಗೊತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಕಾಕಾಗೆ ಮಗಳ ಫೋನು ಬಂತು. ಕಾಕುನ ಕಣ್ಣು ಕೆಂಪಗಾಗಿ, ನೋವು ತಾಳಲಾರದೆ, ಮತ್ತೆ ಬೆಳಗಾವಿಗೆ ಒಯ್ದಿದ್ದಾರೆ. ಒಳಗೆ ಸೋಂಕು ತಗುಲಿದೆ, ದೃಷ್ಟಿ ಉಳಿಯುವುದೋ ಇಲ್ಲವೋ ಹೇಳಲಾಗದು ಅಂದರಂತೆ. ಕಾಕಾ ಫೋನು ಇಟ್ಟು, ನನಗೆ ಇಷ್ಟು ಹೇಳಿ, ಚೀಲ ಹುಡುಕತೊಡಗಿದರು. ಭಾನುವಾರ ನಾನು ಚೀಟಿ ಎತ್ತಿದ್ದು. ಮಂಗಳವಾರ ಕಣ್ಣು ಹೋಗುತ್ತಿದೆ. ನಾನು ವ್ರತ ನೇಮದ ಮನೆಯವಳಲ್ಲ, ಇದನ್ನೆಲ್ಲ ನಂಬುತ್ತೇನೆಂದು ಅಂದಿನವರೆಗೆ ನನಗೇ ಗೊತ್ತಿರಲಿಲ್ಲ. ಅಂದು ನಂಬಿದೆ.

ಕಾಕಾ ಬೆಳಗಾವಿಗೆ ಹೋಗಲು ಚೀಲ ಕಟ್ಟುತ್ತಿದ್ದರು. ನಾನು ಬಾಗಿಲಿಗೆ ಹೋಗಿ ನಿಂತೆ. "ಕಾಕಾ, ಒಬ್ರು ಹಿಡದ ವ್ರತಾನ ಇನ್ನೊಬ್ರು ಮುರದ್ರ, ಅದು ಯಾರಿಗೆ ತಟ್ಟತೈತ್ರಿ?"

ಅವರು ಧೋತರ ಮಡಚುತ್ತ, ಮುಖ ಎತ್ತದೆ ಹೇಳಿದರು. "ಯಾರ ಕೈ ಅಂತ ಕೇಳೂದಿಲ್ಲವಾ ಅಲ್ಲೆ. ಯಾರ ಸಂಕಲ್ಪ ಅಂತ ಕೇಳ್ತಾರ." ಯಾಕೆ ಕೇಳಿದೆ ಎಂದು ವಿಚಾರಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಅವರು ಹೋದ ಮೇಲೆ ದೇವರ ಕೋಣೆಯ ಹೊಸ್ತಿಲ ಹೊರಗೆ ಕೂತು ಅತ್ತೆ. ಊರಿಗೆ ಓಡಿಹೋಗೋಣವೆನ್ನಿಸಿತು. ಆದರೆ ಹರಳು ತೆಗೆದುಕೊಳ್ಳುವವರು ಯಾರು? ಅಷ್ಟಾದ ಮೇಲೂ ದಿನಕ್ಕೆ ಅರವತ್ತು ತೆಗೆದಿಡುವುದನ್ನು ಬಿಡಲಿಲ್ಲ. ಅದೊಂದನ್ನಾದರೂ ನೆಟ್ಟಗೆ ಮಾಡಬೇಕು ಅನ್ನಿಸುತ್ತಿತ್ತು. ಆಸ್ಪತ್ರೆಯಿಂದ ಒಮ್ಮೆ ಕಾಕುನ ಫೋನೂ ಬಂತು, ದನಿ ಸೋತಿತ್ತು. "ಭಾಳ ಬ್ಯಾನಿ ಅದವಾ... ಎಷ್ಟ ಆದ್ವು?" ನಾನು ಲೆಕ್ಕ ಹೇಳಿದೆ. "ಹಾಂ" ಎಂದು ಅವರು ಉಸಿರು ಬಿಟ್ಟದ್ದು ಇಂದಿಗೂ ಕಿವಿಯಲ್ಲಿದೆ. ನನ್ನ ಸುಳ್ಳಿನಿಂದ ಅವರಿಗೆ ನೆಮ್ಮದಿ ಸಿಗುತ್ತಿತ್ತು.

ದ್ವಾದಶಿಗೆ ನಾಲ್ಕು ದಿನ ಇರುವಾಗ ಕಾಕುವನ್ನು ರಾಮದುರ್ಗಕ್ಕೆ ಕರೆತಂದರು. ಕಪ್ಪು ಕನ್ನಡಕ. ಬಲಗಣ್ಣಿಗೆ ಬೆಳಕು ಕತ್ತಲೆಯಷ್ಟೇ ತಿಳಿಯುತ್ತದೆ, ಇನ್ನು ಇಷ್ಟೇ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮಸುಕಾದ ಎಡಗಣ್ಣಿನಲ್ಲಿ ಬಾಗಿಲು, ಗೋಡೆ, ಎದುರಿಗೆ ನಿಂತ ಮನುಷ್ಯರ ಆಕಾರ ಕಾಣುತ್ತಿತ್ತು. ಮೊಬೈಲಿನ ಪರದೆ ಅವರ ಪಾಲಿಗೆ ಬರೀ ಬೆಳಕು. ಬಂದವರೇ ಕೈ ಚಾಚಿ ಚೀಲ ಕೇಳಿದರು. ಮೊಬೈಲು ಹೊರತೆಗೆದು, ಗಾಜಿನ ಮೇಲೆ ಬೆರಳಾಡಿಸುತ್ತ ಮೂಲೆಗೆ ಬಂದು ಟಿಕಲಿಯ ಮೇಲೆ ನಿಂತರು. ಎದ್ದ ಅಂಚು ಬೆರಳಿಗೆ ತಾಗಿತು. ಎರಡು ಸಲ ಅದನ್ನು ಒತ್ತಿ ನೋಡಿದರು. ಮೊಬೈಲನ್ನು ನನಗೇ ಮರಳಿ ಕೊಟ್ಟು, "ನೀನs ಇಟ್ಕೋ. ದಿನಾ ಬಂದು ಹೇಳು" ಎಂದರು.

ಫೋನಿನಲ್ಲಿ ಸುಳ್ಳು ಹೇಳುವುದೇ ಬೇರೆ. ಒಂದು ಅಂಗಳದಲ್ಲಿ, ಎದುರಿಗೆ ಕೂತು, ಕಾಣದ ಕಣ್ಣಿನವರಿಗೆ ಹೇಳುವುದೇ ಬೇರೆ. ದಿನಾ ಬೆಳಿಗ್ಗೆ ಅವರು ತುಳಸಿ ಕಟ್ಟೆಯ ಬಳಿ ಮಣೆ ಹಾಕಿಕೊಂಡು ಕೂತಿರುತ್ತಿದ್ದರು. ನಾನು ಕಾಲೇಜಿಗೆ ಹೋಗುವ ಮುಂಚೆ ಬಂದು ಲೆಕ್ಕ ಒಪ್ಪಿಸಬೇಕು. ಅವರು ಮುಖವನ್ನು ನನ್ನ ದನಿ ಬರುವ ಕಡೆ ತಿರುಗಿಸಿ ಕೇಳುತ್ತಿದ್ದರು. ಊಟ ಸೇರುತ್ತಿರಲಿಲ್ಲ. ಪಾಠ ತಲೆಗೆ ಹತ್ತುತ್ತಿರಲಿಲ್ಲ. ಇನ್ನು ಎರಡು ದಿನ, ಇನ್ನು ಒಂದು ದಿನ ಎಂದು ಎಣಿಸುತ್ತ, ದ್ವಾದಶಿ ಬರಲೇಬಾರದು ಎಂದು ಬೇಡಿಕೊಳ್ಳುತ್ತಿದ್ದೆ. ಯಾವ ದೇವರಿಗೆ ಬೇಡಿಕೊಳ್ಳುವುದು? ಅವನ ಮುಂದೆಯೇ ತಾನೆ ಕಾಕು ನೀರು ಹಿಡಿದದ್ದು.

ಏಕಾದಶಿ ಬಂತು. ಅಂದು ಅವರದು ನೀರೂ ಇಲ್ಲದ ಉಪವಾಸ. ಔಷಧದ ಗುಳಿಗೆಗೆಂದು ಮಾತ್ರ ಒಂದು ಗುಟುಕು. ಬೆಳಿಗ್ಗೆ ಎಂಟು ಸಾವಿರದ ಒಂಬತ್ತು ನೂರಾ ನಲವತ್ತು ಎಂದು ಹೇಳಿ ಹೋಗಿದ್ದೆ. ಮಧ್ಯಾಹ್ನ ಕಾಲೇಜಿನಿಂದ ಬಂದಾಗ ಕಾಕು ಅಂಗಳದಲ್ಲೇ ಕೂತಿದ್ದರು, ಒಣಗಿದ ತುಟಿ. ಕಾಕಾ ಗುಡಿಗೆ ಹೋಗಿದ್ದರು. "ನಾಳೆ ಒಂಬತ್ತ ಸಾವಿರ" ಎಂದು ಕಾಕು ತಮ್ಮಷ್ಟಕ್ಕೇ ಹೇಳಿಕೊಂಡು ಸಣ್ಣಗೆ ನಕ್ಕರು. ಆ ನಗು ನನ್ನಿಂದ ನೋಡಲಾಗಲಿಲ್ಲ.

ಎಲ್ಲ ಹೇಳಿಬಿಟ್ಟೆ. ಬಿಲ್ಲುಗಾರ, ಎಂಬತ್ತು ಚೀಟಿ, ಟಿಕಲಿ, ಫೋನಿನಲ್ಲಿ ಹೇಳಿದ ಲೆಕ್ಕ... ಎಲ್ಲ. ಕೊನೆಗೆ, "ನಾ ವ್ರತಾ ಕೆಡಿಸಿದ್ದಕ್ಕ ನಿಮ್ಮ ಕಣ್ಣ ಹೋತ್ರೀ ಕಾಕು" ಎಂದು ನೆಲಕ್ಕೆ ಕುಸಿದೆ.

ಕಾಕು ಬೈದರು. ಹೇಗೆ ಬೈದರೆಂದರೆ, ಹಿತ್ತಲಿನ ಗೋಡೆಯಾಚೆ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿದರು. "ಹರಳ ಹೋದ್ವು, ಹೋಗ್ಲಿ. ಫುಕಟ ಬಂದಿದ್ವು, ಹೋದ್ವು. ದಿನಾ ಬೆಳಿಗ್ಗೆ ನನ್ನ ಮುಂದ ಕೂತು, ಈ ಕುಡ್ಡ ಮಾರಿ ನೋಡಿಕೋತ, ಲೆಕ್ಕ ಒಪ್ಪಿಸಿದೆಲ್ಲಾ ಖೋಡಿ, ನಾಲಿಗಿ ಹೆಂಗ ಹೊಳ್ಳತು ನಿಂದು?" ನಾನು ಹತ್ತಿರ ಸರಿದೆ. "ಹೋಗು, ಕಣ್ಣ ಮುಂದ ಇರಬ್ಯಾಡ" ಎಂದರು. ಹೇಳಿದ ಮೇಲೆ ಅವರಿಗೇ ಆ ಮಾತು ಚುಚ್ಚಿತೋ ಏನೋ, ಮುಖ ಆ ಕಡೆ ತಿರುಗಿಸಿದರು.

ಕೋಣೆಗೆ ಹೋಗಿ ಬಟ್ಟೆಬರೆ ಚೀಲಕ್ಕೆ ತುರುಕತೊಡಗಿದೆ. ಇಳಿಹೊತ್ತಿನಲ್ಲಿ ಗೋಡೆ ಹಿಡಿದುಕೊಂಡು ಬರುವ ಸಪ್ಪಳ ಕೇಳಿತು. ಕಾಕು ನನ್ನ ಬಾಗಿಲಿಗೆ ಬಂದು ನಿಂತಿದ್ದರು. ಎರಡು ವರ್ಷದಲ್ಲಿ ಅವರು ನನ್ನ ಕೋಣೆಗೆ ಬಂದದ್ದು ಅದೇ ಮೊದಲು. ಒಳಗೆ ಬಂದು, ಮಂಚ ತಡವಿ ಕೂತರು.

"ಕಣ್ಣಿಂದು ಹೇಳ್ತೀನಿ, ಕೇಳು" ಎಂದರು. ದನಿ ಇಳಿದಿತ್ತು. "ತಲೀ ಮ್ಯಾಲೆ ನೀರ ಹಾಕ್ಕೋಬ್ಯಾಡ್ರಿ ಅಂತ ಡಾಕ್ಟರು ಹತ್ತ ಸಲ ಹೇಳಿದ್ರು. ಮಗಳ ಮನ್ಯಾಗ ಮೂರ ದಿನ ಮೈಲಿಗಿ ಮೈಯಾಗ ಕೂತೆ. ನಾಕನೇ ದಿನ ತಡೀಲಿಲ್ಲ. ಆಕಿ ಏಳೂದ್ರಾಗ ಎದ್ದು, ಬಾಗಲಾ ಹಾಕ್ಕೊಂಡು ತಲಿಯಿಂದ ಸ್ನಾನಾ ಮಾಡಿದೆ. ಕಟ್ಟಿದ್ದು ಬಿಚ್ಚಿ, ಒರಸಿ, ಮತ್ತ ಹಂಗs ಕಟ್ಟಿಕೊಂಡೆ. ನೀರ ಹೋಗಿತ್ತೇನ್ರಿ ಅಂತ ಡಾಕ್ಟರು ಕೇಳಿದ್ರು. ಇಲ್ಲಂದೆ. ಮಗಳ ಕೇಳಿದ್ಲು. ಇಲ್ಲಂದೆ. ಇವರಿಗೂ ಹೇಳಿಲ್ಲ." ಕನ್ನಡಕ ಸರಿಪಡಿಸಿಕೊಂಡರು. "ನನ್ನ ಕಣ್ಣ ಹೋಗಿದ್ದು ನಿನ್ನ ಬೆರಳಿನಿಂದ ಅಲ್ಲ. ನನ್ನ ತಂಬಿಗಿಯಿಂದ. ಅದನ್ನ ತಲ್ಯಾಗಿಂದ ತಗಿ."

ನಾನು ಅವರ ಕಾಲು ಹಿಡಿದೆ. ಕೊಸರಿಕೊಳ್ಳಲಿಲ್ಲ. ಏಕಾದಶಿಯ ಮಡಿಯಲ್ಲಿದ್ದವರು, ಕಾಲೇಜಿನಿಂದ ಬಂದ ಬಟ್ಟೆಯಲ್ಲೇ ಇದ್ದ ನನ್ನ ತಲೆಯ ಮೇಲೆ ಕೈಯಿಟ್ಟರು. ಆದರೆ ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು. "ಇದು ಮುಗೀತು. ಆದ್ರ ನಿನ್ನ ಮಾತು ಇನ್ನ ಮ್ಯಾಲೆ ನಾ ನಂಬೂದು ಹೆಂಗ? ನೋಡಿ ಪರೀಕ್ಷಾ ಮಾಡಲಿಕ್ಕೆ ನನಗ ಕಣ್ಣಿಲ್ಲ." ಬೈಗುಳಕ್ಕಿಂತ ಅದು ಹೆಚ್ಚು ಉರಿಯಿತು.

ದ್ವಾದಶಿಯ ಬೆಳಿಗ್ಗೆ ಉಪವಾಸ ಬಿಡುವ ಪಾರಣೆ ಮುಗಿಯಿತು. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ, ತಿಂಗಳ ನಂತರ ಬೇಳೆ ಹಾಕಿದ ಸಾರು. ಬಿಟ್ಟದ್ದನ್ನು ದೇವರಿಗೆ ತೋರಿಸಿ ಮತ್ತೆ ಮುಟ್ಟಿದಾಗಲೇ ವ್ರತ ಮುಗಿದಂತೆ. ಬೇಳೆ ಮುಟ್ಟಿದ್ದಾಯಿತು. ಉಳಿದದ್ದು ಚೀಟಿ. ಕಾಕು ನನ್ನನ್ನು ಕರೆಸಿದರು. "ಎಷ್ಟವ?"

"ಒಂದ ಸಾವಿರ ಅದಾವ್ರಿ."

"ಹತ್ತ ಚೀಟಿ. ಎತ್ತು."

ತೊಂಬತ್ತಿಲ್ಲದೆ ಒಂದನ್ನೂ ಎತ್ತಬಾರದೆಂದು ಹೇಳುತ್ತಿದ್ದವರೇ ಹೇಳಿದರು. ವೈದ್ಯೆಯ ಸರದಿ ಹಿಂದಿನ ದಿನವಷ್ಟೇ ತೆರೆದಿತ್ತು. ನಾನು ಅವರ ಮಗ್ಗುಲಿಗೆ ಕೂತು ಗುಂಡಿಯ ಮೇಲೆ ಬೆರಳಿಟ್ಟೆ. ಅವರೂ ತಮ್ಮ ಬೆರಳನ್ನು ನನ್ನ ಬೆರಳ ಮೇಲಿಟ್ಟು ಒತ್ತಿದರು. ಪರದೆಯ ಬೆಳಕು ಅವರ ಕಪ್ಪು ಕನ್ನಡಕದ ಮೇಲೆ ಹಾಯಿತು. ಅವರಿಗೂ ಬೆಳಕಾದದ್ದು ತಿಳಿಯಿತು. ಮುಖ ಅರಳಿತು.

"ಬೆಳಕಾತಲ್ಲಾ! ಬಂದ್ಲೇನು?"

ಒಂದೊಂದೇ ಚೀಟಿ ತಿರುಗುತ್ತಿತ್ತು. ಕತ್ತಿ. ಕತ್ತಿ. ಗುರಾಣಿ. ಹತ್ತಾದವು. ನಾನು ಅವರ ಮುಖ ನೋಡಿದೆ. ಬಂದಳು ಎಂದರೆ ಸಾಕಿತ್ತು. ಆ ಬಿಳಿ ಉಡುಪು, ಆ ಪಾತ್ರೆ, ಎಲ್ಲವನ್ನೂ ವರ್ಣಿಸಿ ಹೇಳಬಹುದಿತ್ತು. ಕಣ್ಣು ಕಳೆದುಕೊಂಡ ಜೀವಕ್ಕೆ ಹಬ್ಬದ ದಿನ ಒಂದು ಸಂತೋಷ. ಅವರು ಪರೀಕ್ಷಿಸುವಂತಿರಲಿಲ್ಲ, ಯಾರೂ ಹೇಳುವವರಿರಲಿಲ್ಲ. ಗಂಟಲಿನವರೆಗೆ ಬಂದಿತ್ತು ಆ ಮಾತು.

"ಬರಲಿಲ್ರೀ ಕಾಕು" ಎಂದೆ.

ಅವರ ಮುಖ ಇಳಿಯಿತು. "ಖರೇ?"

"ಖರೇ ರೀ. ಏಳು ಕತ್ತಿ, ಮೂರು ಗುರಾಣಿ. ಆಕಿ ಬಂದಿಲ್ಲ."

ಕಾಕು ತಲೆಯಾಡಿಸಿದರು. ಆಮೇಲೆ, ನಾನು ಅಂದುಕೊಳ್ಳದೆ ಇದ್ದದ್ದು ಆಯಿತು. ನಕ್ಕರು. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಲವಂಗ ಒಂದನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ನನ್ನ ಕೈಗಿಟ್ಟರು. "ಬಂದಾಳಂತ ಅಂದಿದ್ರ ನಿನ್ನ ಇವತ್ತs ಊರಿಗೆ ಕಳಸ್ತಿದ್ದೆ. ಇನ್ನ ಮ್ಯಾಲೆ ನಂಬ್ತೀನಿ. ನಾಳೆಯಿಂದ ಮತ್ತ ಅರವತ್ತು" ಎಂದರು.

ಮತ್ತೆ ಶುರುಮಾಡಿದೆವು. ಪರೀಕ್ಷೆ ಮುಗಿಸಿ ನಾನು ಆ ಮನೆ ಬಿಡುವಾಗ ಹರಳು ಒಂಬತ್ತು ಸಾವಿರದ ಹತ್ತಿರ ಹತ್ತಿರ ಬಂದಿತ್ತು. ಇನ್ನು ದಿನಾ ಒತ್ತುವ ಕೆಲಸ ಕಾಕಾರದು ಎಂದಾಯಿತು. ಅವರು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಸಂಧ್ಯಾವಂದನೆಯಷ್ಟೇ ಗಂಭೀರವಾಗಿ ಒತ್ತುವುದನ್ನು ಕಲಿತರು. ಚೀಟಿ ಎತ್ತಲು ಮಾತ್ರ ನಾನು ಬರಬೇಕೆಂದು ಕಾಕು ಮಾತು ತೆಗೆದುಕೊಂಡರು.

ನಾನು ಧಾರವಾಡಕ್ಕೆ ಹೋದೆ. ಡಿಗ್ರಿ, ಬಿ.ಎಡ್., ಆಮೇಲೆ ಯರಗಟ್ಟಿಯಲ್ಲಿ ಕೆಲಸ. ಯರಗಟ್ಟಿಯಿಂದ ರಾಮದುರ್ಗವೇನು ದೂರವೇ? ಆದರೂ ಹೋಗಲಿಲ್ಲ. ಆಗಾಗ ಕಾಕುನ ಫೋನು ಬರುತ್ತಿತ್ತು.

"ತೊಂಬತ್ತ ಆಗಿ ಭಾಳ ದಿನಾತು. ಬಂದು ಎತ್ತಿಕೊಡವಾ."

"ಕಾಕಾರು ಎತ್ತಲ್ರೀ ಕಾಕು, ಅವರಿಗೂ ಬರತೈತಲ್ಲ."

"ಅವರು ನನ್ನ ಸಮಾಧಾನಕ್ಕ ಬಂದಾಳ ಅಂತಾರ. ನೀ ಹಂಗ ಹೇಳಂಗಿಲ್ಲ."

"ಮುಂದಿನ ದ್ವಾದಶಿಗೆ ಬರತೇನಿ" ಎನ್ನುತ್ತಿದ್ದೆ. ಸುಳ್ಳು ಹೇಳಬೇಕೆಂದು ಹೇಳುತ್ತಿರಲಿಲ್ಲ. ಆದರೆ ಪ್ರತಿ ವರ್ಷವೂ ಅದು ಸುಳ್ಳಾಗುತ್ತಿತ್ತು... ನನ್ನ ಮಾತನ್ನು ನಂಬುತ್ತೇನೆಂದು ಹೇಳಿದ್ದವರಿಗೆ ನಾನು ಮಾಡಿದ್ದು ಇದು. ಎರಡು ವರ್ಷದ ಹಿಂದೆ ಕಾಕು ಹೋದರು. ಸುದ್ದಿ ಕೇಳಿ ಓಡಿದೆ. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು.

ಮೊನ್ನೆ ಚೀಲ ಬಿಚ್ಚಿದ ಆ ಬೆಳಿಗ್ಗೆ ಮೊಬೈಲನ್ನು ಚಾರ್ಜಿಗೆ ಹಾಕಿ, ಕೂತು ಕಾದೆ. ಆಟ ತೆರೆದುಕೊಂಡಿತು. ಒಂದು ಲಕ್ಷ ಎಪ್ಪತ್ತೈದು ಸಾವಿರದ ಮೇಲೆ ಹರಳು. ಆಟದ ದಿನವಾರು ಲೆಕ್ಕ ನೋಡಿದರೆ, ಕಾಕು ಹೋದ ಮೇಲೂ, ವರ್ಷದ ಶ್ರಾದ್ಧ ಆಗುವವರೆಗೆ ಕಾಕಾ ಒಂದು ದಿನವೂ ತಪ್ಪಿಸಿರಲಿಲ್ಲ. ಎತ್ತಿದ ಚೀಟಿಗಳ ಪಟ್ಟಿ ತೆಗೆದು ನೋಡಿದೆ. ಎಲ್ಲಕ್ಕಿಂತ ಮೇಲೆ, ಕಟ್ಟಕಡೆಯದಾಗಿ ಇದ್ದದ್ದು ಆ ದ್ವಾದಶಿಯ ಹತ್ತು. ಏಳು ಕತ್ತಿ, ಮೂರು ಗುರಾಣಿ. ಅದಾದ ಮೇಲೆ ಒಂದೂ ಇಲ್ಲ. ಆ ವೈದ್ಯೆ ಎಂದೋ ಹಳೆಯ ಗೊಂಬೆಯಾಗಿದ್ದಾಳೆ, ಅವಳಿಗೆ ಸರದಿಯೆಂಬುದೇ ಇಲ್ಲ, ಯಾವ ದಿನ ಬೇಕಾದರೂ ಎತ್ತಬಹುದು. ಅಂದರೆ ಇಷ್ಟು ವರ್ಷದಲ್ಲಿ ಯಾವ ದಿನ ಬೇಕಾದರೂ ನಾನು ಹೋಗಬಹುದಿತ್ತು.

ಕೈಯಲ್ಲಿ ತೊಂಬತ್ತಕ್ಕಿಂತ ಹೆಚ್ಚೇ ಇದ್ದವು. ಕಾಕು ಬೇಡವೆನ್ನಲು ಕಾರಣವಿರಲಿಲ್ಲ. ಒಂದು ಲವಂಗ ಬಾಯಿಗೆ ಹಾಕಿಕೊಂಡು ಒತ್ತಿದೆ. ಮೊದಲ ಹತ್ತರಲ್ಲಿ ಬರಲಿಲ್ಲ. ಎರಡನೆಯ ಹತ್ತರಲ್ಲೂ ಇಲ್ಲ. ನಾಲ್ಕನೆಯ ಹತ್ತರ ನಡುವೆ ಪರದೆ ಬೆಳಗಿತು, ಬಿಳಿ ಉಡುಪು, ಕೈಯಲ್ಲಿ ಆ ಪಾತ್ರೆ.

"ಬಂದಾಳ್ರೀ ಕಾಕು" ಎಂದೆ, ಜೋರಾಗಿಯೇ.

ಖರೇ ಏನು ಎಂದು ಕೇಳುವವರು ಯಾರೂ ಇರಲಿಲ್ಲ.